ಢಳಬಗ್ಗ ಅಂದ್ರ ಯಾರು?

ರಾವೂರಾಗ ಭೀಮಬಾಯಿ ಬಾಯಿ ಮುಚ್ಚಿದ್ದು ಒಟ್ಟ ಎರಡೇ ಸಲ. ಒಮ್ಮಿ ದವಡಿ ಹಲ್ಲು ಕೀಳಿಸ್ಕೊಂಡಾಗ, ಇನ್ನೊಮ್ಮಿ ಮೊಮ್ಮಗಳು ಮೈತ್ರಿ ಬಂದು "ಆಯಿ, ಢಳಬಗ್ಗ ಅನ್ನೋ ಮಾತು ಎಲ್ಲಿಂದ ಬಂತು?" ಅಂತ ಕೇಳಿದಾಗ. ಹಲ್ಲಿನ ದಿವಸ ಸುದ್ದಾ ಅರ್ಧಾ ತಾಸಿಗೇ ಬಾಯಾಗಿನ ಹತ್ತಿ ಉಗಳಿ, ಡಾಕ್ಟರಗ "ನಿನ್ನ ಕೈಗಿಂತ ನಮ್ಮ ಖಣಿ ಸುತ್ತಿಗಿ ಮೆತ್ತಗ ಬಡೀತಿತ್ತು" ಅಂದು ಬಂದಿದ್ಳು. ಈ ಸಲ ಹಂಗ ಆಗಲಿಲ್ಲ. ಕೈಯಾಗಿನ ಹಿಟ್ಟು ಕೈಯಾಗೇ ಉಳೀತು, ಹಂಚಿನ ಮ್ಯಾಲಿನ ರೊಟ್ಟಿ ಕರ್ರಗ ಹೊತ್ತಿತು. ಸೊಸಿ ಸುಮಂಗಲಾ ಓಡಿ ಬಂದು ರೊಟ್ಟಿ ತಗದು, "ಅತ್ತಿ ರೊಟ್ಟಿ ಹೊತ್ತಿಸ್ಯಾಳಂದ್ರ ನಾಳಿ ಸೂರ್ಯಾ ಪಡುವಣ ಶಹಾಬಾದ ಕಡಿಂದ ಹುಟ್ತಾನ" ಅಂದ್ಳು.

"ಯಾ ಮಾತು?" ಅಂತ ಭೀಮಬಾಯಿ ಕಿವಿ ಕೇಳಲಾರದೋರಂಗ ಮಾಡಿದ್ಳು. ಆಕಿ ಕಿವಿ ಅಂದ್ರ ಕಿವಿ. ವಾಡಿ ಟೇಶನ್ದಾಗ ಗಾಡಿ ಸೀಟಿ ಹೊಡದ್ರ ರಾವೂರಾಗ ಕುಂತು ಅದು ಸೋಲಾಪುರ ಗಾಡಿಯೋ ಗುಂತಕಲ್ ಗಾಡಿಯೋ ಹೇಳ್ತಿದ್ಳು.

"ಢಳಬಗ್ಗ, ಆಯಿ. ಢ, ಳ, ಬ, ಗ್ಗ."

"ಹೋಗೇ, ಅದೇನು ದೊಡ್ಡ ಮಾತು. ಬ್ಯಾರೆ ಕೇಳು."

ಆದ್ರ ಅದು ಸಣ್ಣ ಮಾತಲ್ಲ. ಚಾ ಸೋಸಲಿಕ್ಕ ಹೋಗಿ ಚಾ ಮೋರಿಗಿ ಚೆಲ್ಲಿ ಪುಡಿ ಕಪ್ಪಿನ್ಯಾಗ ಉಳಿಸಿಕೊಂಡಂವ ಢಳಬಗ್ಗ. ಹೆಣ್ಣು ನೋಡಲಿಕ್ಕ ಹೋಗಿ ಅತ್ತಿ ಆಗೋಳಿಗೇ ಹೂವು ಕೊಟ್ಟು ಬಂದಂವ ಢಳಬಗ್ಗ. ಚಿತ್ತಾಪುರ ಬಸ್ಸು ಬಂತಂತ ಓಡಿ ಹೋಗಿ, ತನ್ನ ಚೀಲ ಬಸ್ಸಿನ್ಯಾಗ ಒಗದು, ತಾ ಕೆಳಗೇ ಉಳಿದಂವ ಢಳಬಗ್ಗರ ರಾಜಾ. ದಡ್ಡ ಬ್ಯಾರೆ, ಮೈಗಳ್ಳ ಬ್ಯಾರೆ. ದಡ್ಡಗ ತಿಳ್ಯಾಂಗಿಲ್ಲ, ಮೈಗಳ್ಳಗ ಮನಸಿರಂಗಿಲ್ಲ. ಢಳಬಗ್ಗಗ ತಿಳೀತದ, ಮನಸೂ ಅದ, ಖರೆ ಕೈ ಮಾತು ಕೇಳಂಗಿಲ್ಲ. ಈ ಮಾತು ರಾವೂರಾಗ ಹುಟ್ಟಿ ವಾಡಿಗಿ ನಡಕೋತ ಹೋಯ್ತು, ಶಹಾಬಾದಕ್ಕ ಕಲ್ಲಿನ ಲಾರಿ ಹತ್ತಿ ಹೋಯ್ತು, ಚಿತ್ತಾಪುರದಾಗ ಕಚೇರಿ ಸೇರ್ತು, ಸೇಡಂದಾಗ ಸಂತಿ ಮಾಡ್ತು, ಚಿಂಚೋಳಿಗಿ ಹೋಗಿ ತೆಲುಗೂ ಕಲೀತು. ಅಲ್ಲಿ ಕೆಲವರು ಢಳಬಗ್ಗುಡು ಅಂತಾರ. ಆಡಕಿ ಊರಾಗ ಒಬ್ಬಂವ ತನ್ನ ಎತ್ತಿಗೇ ಆ ಹೆಸರಿಟ್ಟಿದ್ದ. ಎತ್ತು ಸಿಟ್ಟಿಗಿ ಬಂದು ಮೂರು ದಿನ ಮೇವು ಬಿಟ್ಟಿತ್ತಂತ.

ನಾಕೂ ತಾಲೂಕಿನ ಬಾಯಾಗ ಇರೋ ಈ ಮಾತು ಒಂದು ಮನ್ಯಾಗ ಮಾತ್ರ ಯಾರೂ ಆಡ್ತಿರಲಿಲ್ಲ. ಅದು ಭೀಮಬಾಯಿ ಮನಿ. ಯಾಕ ಆಡಾಂಗಿಲ್ಲ ಅನ್ನೋದು ಸೊಸಿಗೂ ಗೊತ್ತಿಲ್ಲ, ಮೊಮ್ಮಗಳಿಗೂ ಗೊತ್ತಿಲ್ಲ. ಹೊಸದಾಗಿ ಬಂದಾಗ ಸುಮಂಗಲಾ ಒಮ್ಮಿ ಗಂಡಗ ಢಳಬಗ್ಗ ಅಂದಿದ್ಳು. ಭೀಮಬಾಯಿ ಕೈಯಾಗಿನ ಕೊಡ ಕೆಳಗ ಇಟ್ಟು, "ನಮ್ಮ ಮನ್ಯಾಗ ಬೈಗುಳಕ್ಕ ಬರ ಬಂದದೇನು? ಬ್ಯಾರೆ ನೂರು ಕಲಿಸ್ತೀನಿ, ಇದು ಬಿಡು" ಅಂದು, ಕುಂತಲ್ಲೇ ನೂರಾ ಹತ್ತು ಕಲಿಸಿದ್ಳು.

ಮೈತ್ರಿ ಕಲಬುರಗಿಯಾಗ ಕನ್ನಡ ಎಂ.ಎ. ಓದಾಕತ್ತಿದ್ಳು. ಅಲ್ಲಿನ ಗುರುಗಳು ಒಬ್ಬೊಬ್ಬರಿಗಿ ಇಪ್ಪತ್ತು ಹಾಳಿ ಕೊಟ್ಟಿದ್ರು. ಒಂದೊಂದು ಹಾಳಿಗಿ ನಿಮ್ಮ ಊರಿನ ಒಂದೊಂದು ಮಾತು, ಅದರ ಅರ್ಥ, ಅದರ ಮೂಲ, ಕೆಳಗ ಹೇಳಿದವರ ಸಹಿ. ಎಲ್ಲಾ ಕೂಡಿಸಿ ಬುಕ್ಕು ಮಾಡಿಸ್ತಾರ. ಹತ್ತೊಂಬತ್ತು ಹಾಳಿ ಮುಗದಿದ್ವು. ಹತ್ತೊಂಬತ್ತಕ್ಕೂ ಹೇಳಿದಾಕಿ ಭೀಮಬಾಯಿ, ಸಹಿ ಮಾಡಿದಾಕಿನೂ ಭೀಮಬಾಯಿ.

ಆ ಸಹಿದು ಒಂದು ದೊಡ್ಡ ಕಥಿ. ಆಕಿ ಸಾಲಿ ಕಟ್ಟಿ ಹತ್ತಿದ್ದು ಮಳಿ ಬಂದಾಗ ನಿಂದ್ರಲಿಕ್ಕ ಮಾತ್ರ. ನಲವತ್ತು ದಾಟಿದ ಮ್ಯಾಲ ಊರಿಗಿ ಅಕ್ಷರ ಕಲಿಸೋರು ಬಂದಾಗ ಆಕಿ ಬ್ಯಾರೇನೂ ಕಲೀಲಿಲ್ಲ, ಸಹಿ ಒಂದೇ ಕಲಿತಳು. "ಭೀಮಬಾಯಿ ಭಗವಂತ ರಾವೂರ." ಅಷ್ಟೂ ಬರೀತಾಳ, ಒಂದಕ್ಷರ ಬಿಡಂಗಿಲ್ಲ. ಗೂಡ್ಸ್ ಗಾಡಿಯಂಗ ಉದ್ದ, ಹಾಳಿ ಮುಗದ್ರೂ ಸಹಿ ಮುಗ್ಯಾಂಗಿಲ್ಲ. ನಡುವಿನ ಭಗವಂತ ಅಂದ್ರ ಆಕಿ ಗಂಡ, ಹನ್ನೆರಡು ವರ್ಷದ ಹಿಂದ ತೀರಿಕೊಂಡಂವ, ಮನಿ ನೆಲಕ್ಕ ಫರ್ಸಿ ಕಲ್ಲು ಹಾಸೋ ಗೌಂಡಿ. ಆ ಹೆಸರು ಬರಿಯೋ ಮುಂದ ಮಾತ್ರ ಆಕಿ ಪೆನ್ನು ಒತ್ತಿ ಬರೀತಿದ್ಳು, ಹಿಂದಿನ ಹಾಳಿಗೂ ಮೂಡ್ತಿತ್ತು. ಹೆಬ್ಬಟ್ಟು ಒತ್ತು ಅಂದ್ರ ಮೈಯೆಲ್ಲಾ ಉರಿ. ರೇಶನ್ ಅಂಗಡಿ ಮಶೀನಿಗಿ ಬಟ್ಟು ಇಡು ಅಂದಂವಗ "ನಿನ್ನ ಮಶೀನಿಗಿ ಓದಲಿಕ್ಕ ಬರದಿದ್ರ ಸಾಲಿಗಿ ಕಳಸು" ಅಂತ ಬೈದು, ಕಡೀಕ ಕಿರಿಬಟ್ಟು ಇಟ್ಟು ಬಂದಿದ್ಳು.

"ಹೇಳು ಆಯಿ. ಇದೊಂದು ಆದ್ರ ಮುಗೀತು."

ಭೀಮಬಾಯಿ ರೊಟ್ಟಿ ತಟ್ಟಕೋತ, "ಮಳಖೇಡದ ಕ್ವಾಟಿಯಾಗ ಒಬ್ಬ ರಾಜ ಇದ್ದ" ಅಂತ ಶುರು ಮಾಡಿದ್ಳು. "ಅವನ ಹತ್ರ ಒಂದು ಆನಿ ಇತ್ತು. ಕಾಗಿಣಾ ಹೊಳಿ ಎರಡೇ ಗುಟುಕಿಗಿ ಕುಡೀತಿತ್ತು. ಆ ಆನಿ ಹೆಸರು ಢಳಬಗ್ಗ. ವೈರಿ ಬಂದ್ರ ವೈರಿ ಬಿಟ್ಟು ರಾಜನ್ನೇ ತುಳೀತಿತ್ತು."

"ಆಯಿ, ನಿನ್ನೆ ಇದೇ ಆನಿ ಬ್ಯಾರೆ ಮಾತಿಗೂ ಬಂದಿತ್ತು."

"ಆನಿ ದೊಡ್ಡದು. ಎರಡು ಮಾತಿಗಿ ಸಾಲ್ತದ."

ಮೈತ್ರಿ ನಕ್ಕು ಹಾಳಿ ತಗೊಂಡು ಹೊರಗ ನಡದ್ಳು. ಭೀಮಬಾಯಿ ರೊಟ್ಟಿ ತಟ್ಟೋದು ಬಿಟ್ಟು ಆ ಹಾಳಿ ಹೋದ ಕಡೀನೇ ನೋಡಿದ್ಳು. ಬಾಯಾಗಿನ ಮಾತು ಗಾಳಿ, ಆಡಿದೋರ ಜೋಡಿ ಸಾಯ್ತದ. ಊರಾಗ ಈ ಮಾತಿನ ಹುಟ್ಟು ಗೊತ್ತಿರೋರು ಇನ್ನ ಇಬ್ಬರೋ ಮೂವರೋ, ಅವರೂ ಹಲ್ಲಿಲ್ಲದೋರು. ಅವರು ಹೋದ್ರ ಭಗವಂತನ ಹೆಸರು ಈ ಬೈಗುಳದಿಂದ ಬಿಡುಗಡಿ ಆಗ್ತದಂತ ಆಕಿ ಕಾಯಾಕತ್ತಿದ್ಳು. ಬುಕ್ಕಿನ್ಯಾಗ ಬಿದ್ರ ಸಾವೇ ಇಲ್ಲ. ಅದೂ ಯಾರ ಕೈಲೆ? ಸ್ವಂತ ಮೊಮ್ಮಗಳ ಕೈಲೆ.

ಸಂಜೀಕ ಮೈತ್ರಿ ಕುಣಕೋತ ಬಂದ್ಳು. ರಿಟೈರ್ ಆದ ಗುರುಲಿಂಗಯ್ಯ ಮಾಸ್ತರ ಹತ್ರ ಹೋಗಿದ್ದಳಂತ. ಮಾಸ್ತರ ಎಂಥಾ ಮಂದಿ ಅಂದ್ರ, ಬದನಿಕಾಯಿ ಕೊಟ್ರೂ ಅದರ ಸಂಸ್ಕೃತ ಹೇಳಿ ಆಮ್ಯಾಲ ತಿಂತಾರ. ಅವರು ಕಣ್ಣು ಮುಚ್ಚಿ, ಮೂಗಿನ ಮ್ಯಾಲ ಬಟ್ಟಿಟ್ಟು, "ಇದು ದಳಭಗ್ನ. ದಳ ಅಂದ್ರ ಸೈನ್ಯ, ಭಗ್ನ ಅಂದ್ರ ಮುರದದ್ದು. ಸೈನ್ಯ ಮುರಿಸಿಕೊಂಡು ಬಂದ ಸೇನಾಪತಿಗಿ ಮಳಖೇಡದ ಅರಸರು ಇಟ್ಟ ಹೆಸರು" ಅಂದಿದ್ರಂತ.

"ನಾ ಹೇಳಲಿಲ್ಲೇನು!" ಭೀಮಬಾಯಿ ಜಿಗದೇ ಎದ್ಳು. ಎಪ್ಪತ್ತರ ಹತ್ರ ಬಂದ ಮೊಣಕಾಲು ಹದಿನೇಳರದಾದ್ವು. "ಆನಿ ಅಂದೆ, ರಾಜ ಅಂದೆ. ಮಾಸ್ತರ ಸೈನ್ಯ ಅಂದ್ರು. ಆನಿ ಇಲ್ಲದ ಸೈನ್ಯ ಇರ್ತದೇನು? ಬರಿ, ಬರಿ. ಜಲ್ದಿ ಬರಿ. ಸುಮಂಗಲಾ, ಬೆಲ್ಲ ತಗಿ, ಹೋಳಗಿ ಮಾಡೂಣು."

ಮೈತ್ರಿ "ದಳಭಗ್ನ" ಅಂತ ಬರದ್ಳು. ಭೀಮಬಾಯಿ ಸಹಿ ಮಾಡಲಿಕ್ಕ ಪೆನ್ನು ಹಿಡದ್ಳು. "ಭೀ" ಬರದಿದ್ಳು, ಅಷ್ಟರಾಗ ಬಾಗಲಾಗ ಕೆಮ್ಮು ಕೇಳಿಸ್ತು. ಬಂದೇಅಲಿ. ಭಗವಂತನ ಜೋಡಿ ಮೂವತ್ತು ವರ್ಷ ಖಣಿಯಾಗ ಕಲ್ಲು ಎಬ್ಬಿಸಿದಂವ, ಗೆಳ್ಯಾ ಹೋದಮ್ಯಾಲೂ ಶನಿವಾರಕ್ಕೊಮ್ಮಿ ಬಂದು ಚಾ ಕುಡದು ಹೋಗಂವ.

"ಏನ್ ಭಾಬಿ, ಮನಿ ರಿಜಿಸ್ಟ್ರಿ ಮಾಡಾಕತ್ತಿದ್ದೇನು?" ಅಂದ.

ಮೈತ್ರಿ ಹಿಗ್ಗಿಲೆ ಹಾಳಿ ಓದಿ ತೋರಿಸಿದ್ಳು. ದಳ, ಭಗ್ನ, ಸೇನಾಪತಿ, ಅರಸ. ಬಂದೇಅಲಿ ನಕ್ಕ. ನಕ್ಕನಂದ್ರ ಎಂಥಾ ನಗಿ! ಅವನ ಟೊಪ್ಪಿಗಿ ಬಿತ್ತು, ಕಟ್ಟಿ ಮ್ಯಾಲಿನ ಕೋಳಿ ಹಾರಿ ಹೋಯ್ತು.

"ಅರೆ ಬೇಟಿ, ಸೇನಾಪತಿ ಎಲ್ಲಿಂದ ತಂದಿ? ಅದು ನಿಮ್ಮ ಮುತ್ಯಾ..."

ಭೀಮಬಾಯಿ ಕೆಮ್ಮಿದ್ಳು. ಆ ಕೆಮ್ಮಿಗಿ ಕ್ಷಯ ಸುದ್ದಾ ಹೆದರಿ ಓಡಬೇಕು. ಬಂದೇಅಲಿ ಆಕಿ ಕಣ್ಣು ನೋಡಿದ, ಟೊಪ್ಪಿಗಿ ಝಾಡಿಸಿದ, ಚಾ ಬಸಿಗಿ ಸುರುವಿಕೊಂಡ. ಸುಳ್ಳು ಹೇಳಲಿಕ್ಕ ಅವಂಗ ಬರಂಗಿಲ್ಲ, ಖರೆ ಹೇಳಲಿಕ್ಕ ಭಾಬಿ ಬಿಡಂಗಿಲ್ಲ.

"ನನ್ನ ಬಾಯಿಲೆ ಬ್ಯಾಡವ್ವಾ. ರೇವಣಪ್ಪಗೌಡ್ರ ಮನಿಗಿ ಹೋಗಿ ಅವರ ಪಡಸಾಲಿ ಫರ್ಸಿ ನೋಡು. ಫರ್ಸಿಗಿ ಸುಳ್ಳು ಹೇಳಲಿಕ್ಕ ಬರಂಗಿಲ್ಲ."

ಮೈತ್ರಿ ಹಾಳಿ ತಗೊಂಡು ಎದ್ದೇ ಬಿಟ್ಳು. ಭೀಮಬಾಯಿ ಪೆನ್ನು ಕೆಳಗಿಟ್ಳು. ಹಾಳಿ ಮ್ಯಾಲ "ಭೀ" ಒಂದೇ ಉಳೀತು, ಎಂಜಿನ್ ಇದ್ದು ಡಬ್ಬಿ ಇಲ್ಲದ ಗಾಡಿಯಂಗ. "ತಡಿ, ನಾನೂ ಬರ್ತೀನಿ. ಆ ರೇವಣಪ್ಪಗ ಒಂದಕ್ಕ ಹತ್ತು ಹೇಳೋ ಚಟ" ಅಂದ್ಳು. ಒಂದಕ್ಕ ನೂರು ಹೇಳೋಳು ಹಂಗ ಅಂದದ್ದು ಕೇಳಿ ಸುಮಂಗಲಾ ಸೆರಗು ಬಾಯಿಗಿ ಅಡ್ಡ ಹಿಡದ್ಳು.

ರೇವಣಪ್ಪನ ಮನಿ ಊರ ನಡುವ. ಮನಿ ತುಂಬ ಮಂದಿ, ಸೊಸೇರು, ಮೊಮ್ಮಕ್ಕಳು, ಟಿವಿ ಗದ್ದಲ. ರೇವಣಪ್ಪ ಪಡಸಾಲಿಯಾಗ ಮಂಚದ ಮ್ಯಾಲ ಕುಂತಿದ್ದ. ಎಪ್ಪತ್ತೈದಾದ್ರೂ ಮೀಸಿ ಕರ್ರಗ ಮಾಡ್ಕೊಂಡಂವ. ಅವನ ಮಂಚದ ಎರಡು ಕಾಲಿಗಿ ಎರಡೆರಡು ಇಟ್ಟಂಗಿ ಕೊಟ್ಟಿದ್ರು, ಇನ್ನೆರಡು ಕಾಲಿಗಿ ಇರಲಿಲ್ಲ. ಅಂದ್ರೂ ಮಂಚ ಸಮಾ ಇತ್ತು. ಮೈತ್ರಿ ಕಣ್ಣು ಅಲ್ಲೇ ನಿಂತ್ವು.

"ಬಾರವ್ವಾ, ಬಾ. ಏ ಭೀಮಬಾಯಿ, ನೀನೂ ಬಂದಿ? ಕುಂದ್ರು. ಮಾತಿಗಿ ಜಾಗಾ ಸಾಲ್ತದಿಲ್ಲೋ ನೋಡ್ಕೊಂಡು ಕುಂದ್ರು."

"ನಿಮ್ಮ ಮೀಸಿಗಿ ಜಾಗಾ ಸಾಕಾಗ್ಯಾದಲ್ಲರಿ ಗೌಡ್ರೇ, ನನ್ನ ಮಾತಿಗೂ ಸಾಲ್ತದ."

ಮೈತ್ರಿ ತಾ ಬಂದ ಕೆಲಸ ಹೇಳಿದ್ಳು. ರೇವಣಪ್ಪನ ಮುಖ ಹೋಳಗಿ ಕಂಡಂಗಾಯ್ತು. ಸೊಸಿಗಿ ಒದರಿ ಒಂದು ಕೊಡ ನೀರು ತರಿಸಿದ. ಬಚ್ಚಲದ ಬಾಗಲಾಗ ನಿಂತು, ಅಡ್ಡಾಗಿ ಇಡೀ ಕೊಡ ಸುರುವಿದ.

ನೀರು ಎಲ್ಲಾರ ಮನ್ಯಾಗ ಬಚ್ಚಲಕ್ಕ ಹೋಗ್ತದ. ಆ ಮನ್ಯಾಗ ಬಚ್ಚಲಕ್ಕ ಬೆನ್ನು ತಿರುಗಿಸ್ತು. ಫರ್ಸಿ ಸಂದಿನಾಗ ಸಾಲು ಹಿಡದು, ಮಂಚದ ಕೆಳಗ ನುಗ್ಗಿ, ಇಟ್ಟಂಗಿ ಸುತ್ತಿ, ದೌಡಾಯಿಸಿ ದೌಡಾಯಿಸಿ ದೇವರ ಮನಿ ಹೊಸ್ತಿಲಕ್ಕ ಹೋಗಿ ಹಣಿ ಹಚ್ಚಿ ನಿಂತಿತು. ಸೊಸಿ ಅಲ್ಲಿ ಮೊದಲೇ ಗೋಣಿ ತಟ್ಟು ಒಡ್ಡಿದ್ಳು. ದಿನಾ ಒಡ್ಡೋದೇ ಆಗಿತ್ತಂತ.

"ನೋಡಿದೇನು? ಐವತ್ತು ವರ್ಷ ಆಯ್ತು. ನನ್ನ ಲಗ್ನಕ್ಕಂತ ನಮ್ಮಪ್ಪ ಕಟ್ಟಿಸಿದ ಪಡಸಾಲಿ. ಪೂಜಿ ಮಾಡಿ ಹೊಸ ಮನಿ ಒಕ್ಕಲ ಆದ ದಿನ ಮುನ್ನೂರು ಮಂದಿ ಬೀಗರು. ಮೊದಲ ಕೊಡ ನೀರು ಬಚ್ಚಲದ ಬಾಗಲಾಗ ಹೊಯ್ದಿದ್ರು, ಸೀದಾ ಹೋಗಿ ದೇವರ ಜಗಲಿ ತೊಳೀತು. ಫರ್ಸಿ ಹಾಕಿದಂವ ನಿಮ್ಮ ಮುತ್ಯಾ ಭಗವಂತ. ಢಾಳು ಅಂದ್ರ ಇಳಿಜಾರು, ಅದು ಇಡಬೇಕಾದ್ದು ಈ ಕಡಿ, ಇಟ್ಟದ್ದು ಆ ಕಡಿ. ಆವತ್ತಿಂದ ಅವಂಗ ಢಾಳಿನ ಭಗವಂತ ಅಂದ್ರು. ಢಾಳಿನ ಭಗ್ಯಾ ಅಂದ್ರು. ಮಂದಿ ಬಾಯಾಗ ಸವದು ಸವದು ಢಳಬಗ್ಗ ಆಯ್ತು. ಬರಕೋ. ಪಕ್ಕಾ ಸುದ್ದಿ."

ಮೈತ್ರಿ ಆಯಿ ಕಡಿ ನೋಡಿದ್ಳು. ಆಯಿ ನೀರಿನ ಕಡಿ ನೋಡಾಕತ್ತಿದ್ಳು. ಹುಡುಗಿಗಿ ತಿಳೀತು. ಮುಖ ಸಣ್ಣ ಆಯ್ತು. ಸಣ್ಣಾಕಿ ಇದ್ದಾಗ ಮುತ್ಯಾ ಆಕೀನ ಹೆಗಲ ಮ್ಯಾಲ ಕುಂದರಿಸಿಕೊಂಡು, ಶಹಾಬಾದ ಓಣಿಯಾಗ "ಈ ಫರ್ಸಿ ನಂದು, ಆ ಫರ್ಸಿ ನಂದು" ಅಂತ ಮನಿಮನಿ ತೋರಿಸಿದ್ದ. ಆದ್ರ ಹುಡುಗಿ ಖರೆ ಹುಡುಗಿ. ಸುಳ್ಳು ಬರದು ಗುರುಗಳಿಗಿ ಕೊಡೋಳಲ್ಲ. ಹೊಸ್ತಿಲ ಮ್ಯಾಲ ಕುಂತು, "ದಳಭಗ್ನ"ಕ್ಕ ಅಡ್ಡ ಗೀಟು ಹೊಡದು, ಬಾಯಿಲೆ ಅನಕೋತ ಬರೀಲಿಕತ್ಳು.

"ಭಗವಂತ... ಎಂಬ... ಕೆಲಸ ಬಾರದ..."

"ತಡಿ!"

ಆ ತಡಿಗಿ ಟಿವಿ ಬಂದಾಯ್ತು. ಕರೆಂಟ್ ಹೋದದ್ದು ಅಂತ ಕೆಲವರು ಅಂತಾರ, ಅದು ಸುಳ್ಳು.

"ಕೆಲಸ ಬಾರದ ಅಂತ ಬರೀಬ್ಯಾಡ. ಕೈ ಮುಗೀತೀನಿ, ಅದು ಬರೀಬ್ಯಾಡ." ಭೀಮಬಾಯಿ ಎದ್ದು ನಿಂತಿದ್ಳು. "ಗೌಡ್ರೇ, ಹಿತ್ತಲದಾಗ ನಿಮ್ಮ ಮೊಮ್ಮಗ ಹೊಸಾ ಬಾತ್‌ರೂಮ ಕಟ್ಟಿಸಾಕತ್ತಾನಲ್ಲ, ಗೌಂಡೇರ ನೀರಿನ ಪೈಪು ಅದಲ್ಲ, ಅದು ತರಸ್ರಿ."

"ಪೈಪು ಯಾಕ?"

"ತರಸ್ರಿ ಅಂದೆ."

ಪೈಪು ಬಂತು. ಕೈಬಟ್ಟಿನಷ್ಟು ದಪ್ಪ, ಆಚಿಂದ ಈಚಿ ಕಾಣೋ ಪ್ಲಾಸ್ಟಿಕ್ ಪೈಪು, ಹತ್ತು ಮಾರು ಉದ್ದ, ಒಳಗ ನೀರು. ಗೌಂಡಿ ಮಂದಿ ಎರಡು ತುದಿ ಎರಡು ಕಡಿ ಹಿಡೀತಾರ. ನೀರು ಎರಡೂ ಕಡಿ ಒಂದೇ ಎತ್ತರಕ್ಕ ನಿಂದ್ರತದ. ಅಲ್ಲಿ ಗೀಟು, ಇಲ್ಲಿ ಗೀಟು, ನೆಲದ ಲೆವಲ್ ಸಿಕ್ತು. ನೀರಿಗಿಂತ ದೊಡ್ಡ ಪಂಚ ಯಾರದಾನ? ಒಂದೇ ಒಂದು ಮಾತು. ಎರಡೂ ತುದಿ ಬಾಯಿ ತೆರದಿರಬೇಕು.

ಭೀಮಬಾಯಿ ಒಂದು ತುದಿ ರೇವಣಪ್ಪನ ಕೈಯಾಗ ಕೊಟ್ಟು ದೇವರ ಮನಿ ಬಾಗಲಾಗ ನಿಂದ್ರಿಸಿದ್ಳು. ಇನ್ನೊಂದು ತುದಿ ಮೈತ್ರಿಗಿ ಕೊಟ್ಟು ಬಚ್ಚಲದ ಕಡಿ ಕಳಸಿದ್ಳು. "ಗೌಡ್ರೇ, ಹೆಬ್ಬಟ್ಟಿಲೆ ಬಾಯಿ ಮುಚ್ಚರಿ. ನಂದಲ್ಲ, ಪೈಪಿಂದು. ಮೈತ್ರಿ, ಈಗ ನಿನ್ನ ತುದಿ ಮ್ಯಾಲ ಎತ್ತು. ನೀರು ಎಲ್ಲದ?"

"ಪೈಪಿನ ಜೋಡೀನೇ ಮ್ಯಾಲ ಬಂತು, ಆಯಿ!"

"ಅಲ್ಲಿ ಗೀಟು ಹಾಕು. ಗೌಡ್ರೇ, ಈಗ ಬಟ್ಟು ತಗೀರಿ."

ರೇವಣಪ್ಪ ಬಟ್ಟು ತಗದ. ಮೈತ್ರಿ ಕೈಯಾಗಿನ ನೀರು ಸರಕ್ ಅಂತ ಇಳೀತು. ಇತ್ತ ರೇವಣಪ್ಪನ ತುದಿಯಾಗ ಪುಸಕ್ ಅಂತ ಉಕ್ಕಿ ಅವನ ಮೀಸಿಗಿ ಸಿಡೀತು. ಗೀಟಿಗೂ ನೀರಿಗೂ ನಡುವ ಒಂದು ಗೇಣು. ಆ ಸುಳ್ಳು ಗೀಟು ನಂಬಿ ಫರ್ಸಿ ಹಾಕಿದ್ರ ಬಚ್ಚಲದ ಕಡಿ ನೆಲ ಎತ್ತರ ಆಗ್ತದ.

"ತಿಳೀತೇನು?" ಅಂದ್ಳು ಭೀಮಬಾಯಿ. "ಆವತ್ತು ಬಚ್ಚಲದ ಕಡಿ ನಮ್ಮವರು ನಿಂತಿದ್ರು. ದೇವರ ಮನಿ ಬಾಗಲಾಗ ಪೈಪು ಹಿಡದಾಕಿ ನಾ. ಹದಿನೇಳು ವರ್ಷ, ಲಗ್ನ ಆಗಿ ಮೂರು ತಿಂಗಳ. ಅವರು ಅಲ್ಲಿಂದ ಒದರಿದ್ರು, ಭೀಮೀ, ಬಟ್ಟು ತಗದಿ? ನಾ ಅಂದೆ, ತಗದೀನಿ. ತಗದಿರಲಿಲ್ಲ."

ಭೀಮಬಾಯಿ ತನ್ನ ಬಲಗೈ ಹೆಬ್ಬಟ್ಟು ನೋಡ್ಕೊಂಡ್ಳು, ಅದರ ಮ್ಯಾಲ ಪೈಪಿನ ದುಂಡನ ಗುರುತು ಇನ್ನೂ ಇದ್ದಂಗ.

"ಯಾಕ ತಗೀಲಿಲ್ಲ, ಆಯಿ?"

"ಅನಸುಬಾಯಿನ ಕೇಳಬೇಕು. ಗೌಡ್ರ ಅವ್ವನ. ಈಗಿಲ್ಲ ಆಕಿ. ಅವತ್ತು ಮುಂಜಾನಿ ಜಗಲಿ ಪೂಜಿ ಆಗಿತ್ತು. ಆಕಿ ನನ್ನ ಎದುರಿಗೇ ನಿಂತು, ಏ ಹುಡುಗಿ, ನಿಮ್ಮ ನೀರು ಒಂದು ಹನಿ ದೇವರ ಮನ್ಯಾಗ ಬಿತ್ತಂದ್ರ ನೋಡು ಮತ್ತ, ಅಂದ್ಳು. ಗಚ್ಚಿನಾಗ ಕಲಿಸಿದ ನಮ್ಮ ನೀರು ನಡೀತದ, ಫರ್ಸಿ ಮ್ಯಾಲ ನಮ್ಮ ಬೆವರು ಬಿದ್ರೂ ನಡೀತದ, ಪೈಪಿನ ನೀರು ನಡ್ಯಾಂಗಿಲ್ಲ. ಆ ಮಡಿ ಲೆಕ್ಕ ಆ ದೇವರಿಗೂ ತಿಳದಿರಲಿಕ್ಕಿಲ್ಲ. ನನಗ ಮಾತ್ರ ತಿಳೀತು. ಬಟ್ಟು ಒತ್ತಿದೆ ನೋಡು, ಅದು ಪೈಪೋ ಹಾವಿನ ಕುತಗಿಯೋ ಅನ್ನಂಗ ಒತ್ತಿದೆ. ಕೈ ನಡುಗಿದ್ರ ಹನಿ ಬೀಳ್ತದ. ತಗದ್ರ ಉಕ್ತದ. ಎರಡು ತಾಸು ಹಿಡದೆ. ಒಂದು ಹನಿ ಚೆಲ್ಲಲಿಲ್ಲ."

ರೇವಣಪ್ಪ ಮೀಸಿ ಒರಸ್ಕೊಳ್ಳೋದು ಬಿಟ್ಟಿದ್ದ. "ನಮ್ಮವ್ವ ಹಂಗ ಅಂದಿದ್ಳೇನು?"

"ಅಂದಿದ್ಳು. ನೀನೂ ಅಲ್ಲೇ ಇದ್ದಿ. ಬಾಳಿಹಣ್ಣ ತಿನ್ನಾಕತ್ತಿದ್ದಿ."

ಐವತ್ತು ವರ್ಷದಾಗ ಭೀಮಬಾಯಿ ಆ ಮನ್ಯಾಗ ಮೊದಲನೇ ಸಲ "ರಿ" ಬಿಟ್ಟು ಮಾತಾಡಿದ್ಳು. ರೇವಣಪ್ಪಗ ಅದು ಕೇಳಿಸ್ತೋ ಇಲ್ಲೋ. ಅಂವ ದೇವರ ಮನಿ ಹೊಸ್ತಿಲದಾಗ ನೆನದು ಕುಂತ ಗೋಣಿ ತಟ್ಟು ನೋಡಾಕತ್ತಿದ್ದ. ಒಂದು ಹನಿಗಿ ಅಂಜಿದ ಮನಿಗಿ ಐವತ್ತು ವರ್ಷ ಕೊಡ ಕೊಡ ನೀರು ನುಗ್ಗಿತ್ತು.

"ಹಂಗಾದ್ರ ಮರುದಿನ ಕಿತ್ತು ಮತ್ತ ಹಾಕಬಹುದಿತ್ತಲ್ಲ?" ಅಂದ್ಳು ಮೈತ್ರಿ.

"ಹೆಂಗ ಹಾಕ್ತಿದ್ರು? ಒಕ್ಕಲ ಆದಮ್ಯಾಲ ಮನಿ ಮಡಿ ಆಯ್ತು. ನಿಮ್ಮ ಮುತ್ಯಾ ಬಂದು ಬಾಗಲಾಗ ನಿಂತು, ಗೌಡ್ರೇ, ಒಂದು ದಿನ ಬಿಡ್ರಿ, ಸಮಾ ಮಾಡಿ ಕೊಡ್ತೀನಿ ಅಂದ್ರು. ಒಳಗ ಬಿಡಲಿಲ್ಲ. ಬ್ಯಾರೆ ಗೌಂಡಿ ಕರೀಬೇಕಂದ್ರ ಫರ್ಸಿ ಕೆಲಸದ ಮಂದಿ ಎಲ್ಲಾ ನಮ್ಮ ಓಣಿಯೋರೇ. ತಪ್ಪು ಒಳಗ ಉಳೀತು, ತಪ್ಪು ತಿದ್ದಂವ ಹೊರಗ ಉಳಿದ."

"ಮುತ್ಯಾಗ ಗೊತ್ತಿತ್ತೇನು, ನೀ ಬಟ್ಟು ತಗೀಲಿಲ್ಲಂತ?"

"ಮೊದಲ ಕೊಡ ನೀರು ದೇವರ ಮನಿ ಕಡಿ ಓಡ್ತಲ್ಲ, ಅವರು ನೀರು ನೋಡಲಿಲ್ಲ, ಮಂದಿ ನೋಡಲಿಲ್ಲ. ನನ್ನ ಬಟ್ಟು ನೋಡಿದ್ರು." ಭೀಮಬಾಯಿ ಸೆರಗಿನ ಅಂಚು ಹಿಂಡಿದ್ಳು. "ಮನಿಗಿ ಬಂದು ನಾ ಅತ್ತೆ, ಕಾಗಿಣಾ ಹೊಳಿಗಿ ಮಹಾಪೂರ ಬಂದಂಗ ಅತ್ತೆ. ನಾಳಿ ಹೋಗಿ ಖರೆ ಹೇಳ್ತೀನಿ ಅಂದೆ. ಅವರು ನಕ್ಕು, ಸುಮ್ನಿರು ಭೀಮೀ, ನಿನ್ನ ಹೆಸರು ಹೊಸದದ, ಕಲಿ ಬಿದ್ರ ಹೋಗಂಗಿಲ್ಲ. ನನ್ನ ಹೆಸರು ಖಣಿ ಕಲ್ಲು, ನಾಕು ಮಂದಿ ತುಳದ್ರ ಇನ್ನ ನುಣ್ಣಗ ಆಗ್ತದ, ಅಂದ್ರು. ಆಮ್ಯಾಲ ಸಾಯೋತನಕ ಯಾರ ಮುಂದೂ ತುಟಿ ಬಿಚ್ಚಲಿಲ್ಲ. ವಾಡಿ, ಶಹಾಬಾದ, ಸೇಡಂ, ಎಷ್ಟು ಮನಿ ಫರ್ಸಿ ಹಾಕಿದ್ರೋ. ಒಂದು ಗೋಲಿ ಇಟ್ರ ಇಟ್ಟಲ್ಲೇ ಕುಂದ್ರಬೇಕು, ಅಂಥಾ ಲೆವಲ್. ಮಂದಿಗಿ ಆ ಸಾವಿರ ಮನಿ ಕಾಣಲಿಲ್ಲ. ಇದೊಂದು ಕಂಡಿತು."

"ಮತ್ತ ನೀ ಇಷ್ಟು ವರ್ಷ ಯಾಕ ಹೇಳಲಿಲ್ಲ ಆಯಿ? ಮುತ್ಯಾ ಹೋದಮ್ಯಾಲಾದ್ರೂ?"

ಭೀಮಬಾಯಿಗಿ ಈ ಪ್ರಶ್ನಿ ಗೊತ್ತಿತ್ತು. ದಿನಾ ಕೇಳ್ಕೊಂಡದ್ದೇ.

"ಬಾಯಿಗೂ ಬಟ್ಟು ಒತ್ಕೊಂಡಿದ್ದೆ ಬೇ. ಊರ ಮಂದಿಗೆಲ್ಲಾ ನಿಮಗ ಕೆಲಸ ಬರಂಗಿಲ್ಲ ಅಂತ ಆಡ್ಕೊಂಡು ನಗೋಳು ನಾ. ಮೂಲ ನಾನೇ ಅಂತ ಹೇಳಿದ್ರ ಊರು ನನ್ನ ಬಿಡ್ತಿತ್ತೇನು?"

ರೇವಣಪ್ಪ ಮಂಚದ ಮ್ಯಾಲ ಕುಂತ, ಮತ್ತ ಎದ್ದ. "ಐವತ್ತು ವರ್ಷ ಅವಂಗ ಬೈದು ಬೈದು ಮಲಗೀನಿ" ಅಂದ. "ಇಟ್ಟಂಗಿ ಮ್ಯಾಲ ಮಲಗೋ ಮುಂದ ಒಂದು ಸಲ, ಏಳೋ ಮುಂದ ಒಂದು ಸಲ."

"ಒಟ್ಟ ಎಷ್ಟಾಯ್ತು?"

"ಮೂವತ್ತಾರು ಸಾವಿರ ಆಗಬಹುದು."

"ಅಷ್ಟೂ ನನಗ ವರ್ಗಾ ಮಾಡು. ಒಂದೂ ಕಡಿಮಿ ಮಾಡಬ್ಯಾಡ. ನನ್ನವು."

ರೇವಣಪ್ಪಗ ನಗಬೇಕೋ ಬ್ಯಾಡೋ ತಿಳೀಲಿಲ್ಲ. ನಕ್ಕ. ಮತ್ತ ಸಣ್ಣ ದನಿಲೆ, "ಹುಡುಗಿ, ನಮ್ಮವ್ವನ ಹೆಸರೂ ಬರೀತಿಯೇನು?" ಅಂತ ಕೇಳಿದ.

ಮೈತ್ರಿ ಆಯಿ ಮುಖ ನೋಡಿದ್ಳು. ಹಾಳಿ ಆಯಿದು ಆಗಿತ್ತು.

"ಹೆಸರು ಬ್ಯಾಡ" ಅಂದ್ಳು ಭೀಮಬಾಯಿ. "ಆಕಿ ಒಬ್ಬಾಕಿದೇನು ಮಾತದು? ಆದ್ರ ಆ ಮಾತು ಬರಿ. ಒಂದು ಹನಿ ಅಂದದ್ದು ಬರಿ. ಅದು ಇಲ್ಲಂದ್ರ ಈ ಕಥಿಗಿ ಢಾಳೇ ಇಲ್ಲ. ಕೆಲಸ ಬಾರದಂವ ಅನ್ನೋದು ಹೊಡದು ಹಾಕು. ಭಗವಂತಗ ಕೆಲಸ ಬರ್ತಿತ್ತು, ಅವನ ಹೆಂಡತಿಗೂ ಬರ್ತಿತ್ತು. ಅಂಜಿಕಿಗಿ ಕೈ ತಪ್ಪಿತ್ತು ಅಂತ ಬರಿ."

"ಮಾತು ಢಳಬಗ್ಗ ಅಂತಿರಲೋ, ಢಳಬಗ್ಗಿ ಅಂತ ಮಾಡ್ಲೋ?"

"ಎರಡೂ ಬರಿ. ಹೆಸರು ಗಂಡಂದು, ಕೆಲಸ ಹೆಂಡತೀದು."

ಮೈತ್ರಿ ಹಾಳಿ ತುಂಬ ಬರದ್ಳು, ಹಿಂದಾ ಮುಂದಾ ಬರದ್ಳು. ಬರದು ಓದಿ ತೋರಿಸಿದ್ಳು. ಭೀಮಬಾಯಿ ಕಣ್ಣು ಮುಚ್ಚಿ ಕೇಳಿ ಎರಡು ಕಡಿ ತಿದ್ದಿಸಿದ್ಳು. ಒಂದು ಕಡಿ ತನ್ನ ವಯಸ್ಸು ಹದಿನೇಳು ಇದ್ದದ್ದು ಹದಿನಾರು ಮಾಡಿಸಿದ್ಳು. ಹುಡುಗಿ ಪೆನ್ನು ಕೊಟ್ಟು, "ಸಹಿ ಮಾಡು ಆಯಿ, ಆ 'ಭೀ' ಮುಂದ ಬರಿ" ಅಂದ್ಳು.

ಭೀಮಬಾಯಿ ಪೆನ್ನು ತಗೊಂಡ್ಳು, ಒಂದು ಗಳಿಗಿ ಹಿಡದು ವಾಪಸ್ ಕೊಟ್ಳು.

"ಸಹಿ ಬ್ಯಾಡ. ಅದರಾಗ ಅವರ ಹೆಸರು ಬರ್ತದ. ಇದಕ್ಕ ಅವರ ಹೆಸರು ಹತ್ತಬಾರದು. ಯಾ ಬಟ್ಟು ಮಾಡ್ಯಾದ, ಆ ಬಟ್ಟೇ ಒತ್ತಲಿ. ಗೌಡಾ, ಮಸಿ ಅದೇನು ಮನ್ಯಾಗ?"

ಮನಿ ತುಂಬ ಹುಡಕಿದ್ರೂ ಮಸಿ ಸಿಗಲಿಲ್ಲ. ಎಲ್ಲಾರ ಹತ್ರ ಫೋನು ಅದ, ಮಸಿ ಎಲ್ಲಿಂದ ಬರಬೇಕು? ರೇವಣಪ್ಪ ದೇವರ ಮನಿ ಬಾಗಲಾಗ ನಿಂತು ಒಳಗ ಬಗ್ಗಿ ನೋಡಿದ. ಜಗಲಿ ಮ್ಯಾಲಿನ ದೀಪದ ಬಟ್ಟಲಕ್ಕ ಬಟ್ಟುದ್ದ ಕಾಡಿಗಿ ಕಟ್ಟಿತ್ತು. ಬಟ್ಟಲ ತರಲಿಕ್ಕ ಕೈ ಚಾಚಿದಂವ ಕೈ ಹಿಂದ ತಗೊಂಡ. ಬದಿಗಿ ಸರದು ನಿಂತ.

"ಒಳಗ ಬಾ ಭೀಮಬಾಯಿ. ನೀನೇ ತಗೋ."

ಆಕಿ ಹೊಸ್ತಿಲ ದಾಟಿ ಒಳಗ ಹೋದ್ಳು. ಹಿಂದ ಎರಡು ತಾಸು ನಿಂತಿದ್ದ ಜಾಗಾದ ಮ್ಯಾಲೇ ಕಾಲಿಟ್ಟು ಹೋದ್ಳು. ದೀಪದ ಬಟ್ಟಲಕ್ಕ ಹೆಬ್ಬಟ್ಟು ತಿಕ್ಕಿ, ಹೊರಗ ಬಂದು, ಹಾಳಿ ಮ್ಯಾಲ ಒತ್ತಿದ್ಳು. ನಡುಗದಂಗ, ಜಾರದಂಗ, ಹಾಳಿ ಅಂಚಿಗಿ ಸರೀ ಸಮಾ. ಗೀಟು ಗೀಟು ಎಣಸಬಹುದು, ಹಂಗ ಮೂಡಿತ್ತು.

"ಹಿಂಗ ಇರಬೇಕು ಕೆಲಸ" ಅಂದ್ಳು, ಬಟ್ಟು ಮ್ಯಾಲ ಎತ್ತಿ ತೋರಿಸಕೋತ. "ಈಗ ನಿಮ್ಮ ಗುರುಗಳಿಗಿ ಹೇಳು, ಬುಕ್ಕಿನ್ಯಾಗ ಈ ಹಾಳಿ ಮೊದಲು ಹಾಕಂತ."

ರೇವಣಪ್ಪ ಖುದ್ದ ತಂಬಿಗಿ ತುಂಬಿಕೊಂಡು ಬಂದ. ಆಕಿ ಕೈ ಚಾಚಿದ್ಳು, ಅಂವ ಹೊಯ್ದ. ಕಾಡಿಗಿ ಬಿಟ್ಟಿತು, ಸ್ವಲ್ಪ ಉಳೀತು. ಕರ್ರಗ ಆದ ನೀರು ಫರ್ಸಿ ಮ್ಯಾಲ ಬಿದ್ದು, ಒಂದು ಸಲ ಅತ್ತ ನೋಡಿ, ಒಂದು ಸಲ ಇತ್ತ ನೋಡಿ, ದೇವರ ಮನಿ ಕಡಿಗೇ ಹೊಂಟಿತು. ಸೊಸಿ ಗೋಣಿ ತಟ್ಟು ಒಡ್ಡಲಿಕ್ಕ ಓಡಿ ಬಂದ್ಳು.

"ಬಿಡವ್ವಾ, ಹೋಗಲಿ" ಅಂದ್ಳು ಭೀಮಬಾಯಿ. "ಅದಕ ದಾರಿ ಗೊತ್ತದ."